ಪಿರಮಿಡ್ ಬೇಡ ಅಂದವನ ತಕರಾರು

ಕಳೆದ ಭಾನುವಾರ ನಮ್ಮ ಸಂಘದ ಸಭೆ ಇತ್ತು. ರಾಜ್ಯೋತ್ಸವದ ತಯಾರಿ. ಚಹಾ ಬಂತು, ಚೂಡಾ ಬಂತು, ಹಾಲ್ ಬಾಡಿಗೆ ಈ ವರ್ಷ ಎಷ್ಟು ಏರಿದೆ ಅಂತ ಅರ್ಧ ಗಂಟೆ ಮಾತಾಯಿತು. ಆಮೇಲೆ ಸಾಂಸ್ಕೃತಿಕ ವಿಭಾಗ ನೋಡಿಕೊಳ್ಳುವ ಹುಡುಗ ಎದ್ದು ನಿಂತ. ನಮ್ಮವನೇ, ಒಳ್ಳೆಯ ಹುಡುಗ, ಆಫೀಸು ಮುಗಿಸಿ ರಾತ್ರಿ ಹನ್ನೊಂದರವರೆಗೂ ಸಂಘದ ಕೆಲಸ ಮಾಡುತ್ತಾನೆ. ಅವನ ಯೋಜನೆ ಹೀಗಿತ್ತು: ಹತ್ತು ಮಕ್ಕಳು, ನಾಲ್ಕು ಹಂತದ ಪಿರಮಿಡ್, ತುದಿಯಲ್ಲಿ ಒಂದು ಪುಟ್ಟ ಹುಡುಗಿ ಕೆಂಪು-ಹಳದಿ ಬಾವುಟ ಹಿಡಿದು ನಿಲ್ಲುತ್ತಾಳೆ, ಹಿಂದಿನಿಂದ ಹಾಡು, ಮೇಲಿನಿಂದ ಹೂವು. ಡಾನ್ಸ್ ಕಲಿಸುವವರೊಬ್ಬರು ಹದಿನೈದು ದಿನದಲ್ಲಿ ತಯಾರು ಮಾಡಿಕೊಡುತ್ತಾರಂತೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಬೇಡ ಅಂದೆ.

"ಏನ್ ಕಾಕಾ, ಪ್ರತಿ ಸಲ ನಿಮ್ದೊಂದು ತಕರಾರು ಇದ್ದ ಇರ್ತದಲ್ಲಾ" ಅಂದ ಅವನು, ನಗುತ್ತಲೇ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸಭೆಯಲ್ಲಿ ಹೇಳಲಾಗದ್ದನ್ನು ನಿಮ್ಮ ಹತ್ತಿರವಾದರೂ ಹೇಳಬೇಕಲ್ಲ.

ಮೊದಲು ಲೆಕ್ಕ. ನಾನು ಮೂವತ್ತೊಂದು ವರ್ಷದಿಂದ ಈ ಮುಂಬಯಿಯಲ್ಲಿ ಲೆಕ್ಕ ಬರೆದೇ ಹೊಟ್ಟೆ ಹೊರೆದವನು. ಅಲ್ಲೇ ಸಭೆಯಲ್ಲಿ, ಹಾಲ್ ಬಾಡಿಗೆಯ ಕೊಟೇಶನ್ ಹಿಂಬದಿಯಲ್ಲಿ ಗೀಚಿ ನೋಡಿದೆ. ಕೆಳಗೆ ನಾಲ್ವರು, ಮೇಲೆ ಮೂವರು, ಅದರ ಮೇಲೆ ಇಬ್ಬರು, ತುದಿಗೆ ಒಬ್ಬಳು. ಎಲ್ಲರೂ ಮಂಡಿಯೂರಿ ಅಂಗೈ ಊರಿ ಕುದುರೆ ಆಗಿದ್ದಾರೆ, ಪ್ರತಿಯೊಬ್ಬರೂ ತಮ್ಮ ಭಾರವನ್ನೂ ತಮ್ಮ ಮೇಲಿನ ಭಾರವನ್ನೂ ಕೆಳಗಿನ ಇಬ್ಬರಿಗೆ ಸಮ ಹಂಚುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಮಗು 30 ಕಿಲೋ. ತುದಿಯ ಹುಡುಗಿಯಿಂದ ಎರಡನೇ ಸಾಲಿನ ಒಬ್ಬೊಬ್ಬರ ಮೇಲೆ 15 ಕಿಲೋ. ಮೂರನೇ ಸಾಲಿನ ಅಂಚಿನವರ ಮೇಲೆ 22.5, ನಡುವಿನವನ ಮೇಲೆ 45. ಕಟ್ಟಕಡೆಯ ಸಾಲಿನಲ್ಲಿ ಅಂಚಿನವರಿಗೆ 26 ಕಿಲೋ ಚಿಲ್ಲರೆ, ನಡುವಿನ ಇಬ್ಬರಿಗೆ ತಲಾ ಸುಮಾರು 64 ಕಿಲೋ! 30 ಕಿಲೋ ತೂಗುವ ಹುಡುಗನ ಬೆನ್ನ ಮೇಲೆ 64 ಕಿಲೋ. ಅಕ್ಕಿ ಅಂಗಡಿಯಲ್ಲಿ ಹಮಾಲಿ ಮಾಡುವವನೂ ತನ್ನ ತೂಕದ ಎರಡು ಪಟ್ಟು ಭಾರವನ್ನು ಬೆನ್ನ ಮೇಲೆ ಇಟ್ಟುಕೊಂಡು, ಮಂಡಿಯೂರಿ, ಪ್ರೇಕ್ಷಕರ ಕಡೆ ನೋಡಿ ನಗುವುದಿಲ್ಲ.

ಇದು ಯಾರೂ ಅಲುಗಾಡದೆ ಇದ್ದಾಗಿನ ಲೆಕ್ಕ. ಮೇಲಿನವಳು ಒಂದು ಮೊಣಕಾಲು ಸರಿಸಿದರೆ ಲೆಕ್ಕ ಬೇರೆಯಾಗುತ್ತದೆ.

"ಕಾಕಾ, ಎಲ್ಲಾ ಶಾಲ್ಯಾಗ ಮಾಡ್ತಾರ, ಏನ್ ಆಗಂಗಿಲ್ಲ" ಅಂದರು ಇನ್ನೊಬ್ಬರು. ಮಾಡುತ್ತಾರೆ, ನಿಜ. ಜಪಾನಿನಲ್ಲೂ ಮಾಡುತ್ತಿದ್ದರು. ಅಲ್ಲಿ ಶಾಲೆಯ ಕ್ರೀಡಾದಿನ ಅಂದರೆ ಮಕ್ಕಳ ಪಿರಮಿಡ್ ಇರಲೇಬೇಕು ಅನ್ನುವ ಹಾಗಿತ್ತು. 2015ರಲ್ಲಿ ಒಸಾಕಾ ಹತ್ತಿರದ ಯಾಓ ಎಂಬಲ್ಲಿ ಒಂದು ಶಾಲೆಯ ಹತ್ತು ಹಂತದ ಪಿರಮಿಡ್ ಎಲ್ಲರ ಕಣ್ಣೆದುರೇ ಕುಸಿಯಿತು, ಮಕ್ಕಳಿಗೆ ಪೆಟ್ಟಾಯಿತು, ಒಬ್ಬನ ಕೈ ಮುರಿಯಿತು. ಅದರ ವಿಡಿಯೋ ನೋಡಿದವರಿಗೆ ಗೊತ್ತು, ಅದು ಪಕ್ಕಕ್ಕೆ ಬೀಳುವುದಿಲ್ಲ, ನಡುವೆ ಒಳಗೊಳಗೇ ಕುಸಿಯುತ್ತದೆ. ಮರುವರ್ಷ ಅಲ್ಲಿಯ ಸರಕಾರವೇ, ಸುರಕ್ಷತೆ ಖಾತ್ರಿ ಇಲ್ಲದಿದ್ದರೆ ಇಂಥದ್ದು ಮಾಡಬೇಡಿ ಅಂತ ಶಾಲೆಗಳಿಗೆ ಸೂಚನೆ ಕೊಟ್ಟಿತು. ಶಿಸ್ತಿಗೆ ಹೆಸರಾದವರ ಕಥೆ ಇದು. ನಾವು ಸಭೆಯನ್ನು ನಾಲ್ಕಕ್ಕೆ ಅಂತ ಕರೆದು ಐದೂವರೆಗೆ ಶುರು ಮಾಡುವವರು.

ಮುಂಬಯಿಯಲ್ಲಿ ಇದ್ದುಕೊಂಡು ದಹಿ ಹಂಡಿಯ ಮಾತೆತ್ತದೆ ಇರಲಾಗುತ್ತದೆಯೇ? ಅದನ್ನೂ ಎತ್ತಿದರು. "ಅವರು ಒಂಬತ್ತು ಥರ ಹಾಕ್ತಾರ, ನಾವು ನಾಲ್ಕು ಹಾಕಬಾರದಾ?" 2012ರಲ್ಲಿ ಠಾಣೆಯಲ್ಲಿ ಜೈ ಜವಾನ್ ತಂಡ ಒಂಬತ್ತು ಥರ ಕಟ್ಟಿ 43.79 ಅಡಿ ಎತ್ತರ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿತು. ನಾನೂ ಟಿವಿಯಲ್ಲಿ ನೋಡಿ ಮೈ ಜುಮ್ ಅನ್ನಿಸಿಕೊಂಡವನೇ. ಆದರೆ ಅದರ ಕೆಳಗಿನ ಥರದಲ್ಲಿ ನಿಂತವರನ್ನು ಗಮನಿಸಿದ್ದೀರಾ? ಕಂಬದಂಥ ಗಂಡಸರು, ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಂತು ಹೆಗಲು ಹದ ಮಾಡಿಕೊಂಡವರು. ಗುರುಪೂರ್ಣಿಮೆಗೆ ಅಭ್ಯಾಸ ಶುರು ಮಾಡಿ ಗೋಕುಲಾಷ್ಟಮಿವರೆಗೆ ರಾತ್ರಿ ರಾತ್ರಿ ಮೈದಾನದಲ್ಲಿ ಹತ್ತಿ ಇಳಿಯುತ್ತಾರೆ. ಅಷ್ಟಾದರೂ ಮರುದಿನದ ಪೇಪರಿನಲ್ಲಿ ಗಾಯಾಳುಗಳ ಸಂಖ್ಯೆ ತಪ್ಪುವುದಿಲ್ಲ. ತುದಿಗೆ ಹತ್ತುವ ಮಕ್ಕಳ ವಿಷಯ ಹೈಕೋರ್ಟಿಗೆ ಹೋಗಿ, 2014ರಲ್ಲಿ ಹದಿನೆಂಟರ ಕೆಳಗಿನವರು ಬೇಡ, 20 ಅಡಿಗಿಂತ ಎತ್ತರ ಬೇಡ ಅಂತ ಆದೇಶವಾಗಿ, ಕೊನೆಗೆ 2017ರಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ ಅಂತ ರಾಜ್ಯ ಸರಕಾರ ಒಪ್ಪಿಕೊಂಡಿತು. ನಮ್ಮ ಬಾವುಟದ ಹುಡುಗಿಗೆ ಎಂಟು ವರ್ಷ.

ಈಗ ಸಭೆಯಲ್ಲಿ ಹೇಳದೆ ಉಳಿಸಿಕೊಂಡದ್ದು.

ನಾನು ಏಳನೇ ಇಯತ್ತೆಯಲ್ಲಿದ್ದಾಗ, ಗದಗಿನ ಕಡೆಯ ನಮ್ಮೂರ ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಪಿರಮಿಡ್ ಮಾಡಿಸಿದ್ದರು. ಇದೇ ನಾಲ್ಕು ಹಂತ. ನಾನು ಸ್ವಲ್ಪ ದಪ್ಪ ಇದ್ದೆ, ಹಾಗಾಗಿ ಕೆಳಗೆ, ನಡುವೆ. ದಪ್ಪ ಇದ್ದವನಿಗೆ ಶಕ್ತಿ ಇರುತ್ತದೆ ಅನ್ನುವುದು ನಮ್ಮ ಮಾಸ್ತರರ ನಂಬಿಕೆ. ಒಳ್ಳೆಯವರು ಅವರು, ಯಾರನ್ನೂ ಹೊಡೆದವರಲ್ಲ. ಒಂದು ದಂಡ ಹೊಡೆಯಲು ಬಾರದ ನನ್ನನ್ನು ಅಲ್ಲಿ ಇಟ್ಟರು. ಅಭ್ಯಾಸದಲ್ಲಿ ಎರಡು ಸಲ ನಿಂತಿತು. ಆ ದಿನ ಬೆಳಿಗ್ಗೆ ಮಳೆ ಬಿದ್ದು ನೆಲ ಹಸಿ ಇತ್ತು. ಮುಖ್ಯ ಅತಿಥಿ ಬರುವುದು ತಡವಾಯಿತು, ಅವರು ಕುರ್ಚಿಯಲ್ಲಿ ಕೂರುವವರೆಗೂ ಹಾಗೇ ಇರಿ ಅಂದರು. ನನ್ನ ಮೊಣಕೈ ನಡುಗತೊಡಗಿದ್ದು ನೆನಪಿದೆ. ಹೇಳಲಿಲ್ಲ. ಹೇಳಿದರೆ ಹುಡುಗರು ನಗುತ್ತಾರಲ್ಲ. ಎಡಗೈ ಮಡಚಿತು, ಅಷ್ಟೇ.

ತುದಿಯಲ್ಲಿದ್ದವನು ನನ್ನ ಗೆಳೆಯ. ಅವನ ಮೊಣಕೈ ಮುರಿಯಿತು. ಊರಿನ ನಾಟಿ ವೈದ್ಯರ ಹತ್ತಿರ ಬಿದಿರು ಕಟ್ಟಿಸಿದರು, ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. ಈಗಲೂ ಊರಿಗೆ ಹೋದಾಗ ಸಿಗುತ್ತಾನೆ, ಸೊಟ್ಟಗಿನ ಕೈಯಲ್ಲೇ ಚಹಾದ ಕಪ್ಪು ಹಿಡಿದು "ನಿನ್ನ ಉಪಕಾರ" ಅಂತ ಚೇಷ್ಟೆ ಮಾಡುತ್ತಾನೆ. ಅವನಿಗೆ ಸಿಟ್ಟಿಲ್ಲ. ಸಭೆಯಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ.

ಹಾಗಂತ ಮಕ್ಕಳು ಕಸರತ್ತು ಮಾಡಬಾರದು, ಮನೆಯಲ್ಲಿ ಮೊಬೈಲ್ ನೋಡುತ್ತ ಕೂರಲಿ ಅಂತ ನಾನು ಹೇಳುತ್ತಿಲ್ಲ. ಇದರ ಉಲ್ಟಾ ಹೇಳುತ್ತಿದ್ದೇನೆ. ನನ್ನ ಆಫೀಸು ದಾದರದಲ್ಲಿದ್ದ ಕಾಲದಲ್ಲಿ, ಡೊಂಬಿವಲಿ ಗಾಡಿಯ ಗರ್ದಿ ಕಡಿಮೆಯಾಗಲಿ ಅಂತ ಎಷ್ಟೋ ಸಂಜೆ ಶಿವಾಜಿ ಪಾರ್ಕಿನ ಶ್ರೀ ಸಮರ್ಥ ವ್ಯಾಯಾಮ ಮಂದಿರದ ಹತ್ತಿರ ನಿಂತು ಮಲ್ಲಕಂಬ ನೋಡುತ್ತಿದ್ದೆ. 1925ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಕಲಿಸಿದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂತು, ಕಣ್ಣು ಕಾಣದ ಮಕ್ಕಳಿಗೂ ಮಲ್ಲಕಂಬ ಕಲಿಸಿದವರು ಅವರು. ಅಲ್ಲಿ ನನಗೆ ಹಿಡಿಸಿದ್ದು ಕಂಬದ ತುದಿಯ ಪ್ರದರ್ಶನವಲ್ಲ, ಕೆಳಗಿನ ಬೇಸರದ ಕೆಲಸ. ಹೊಸ ಮಗು ಬಂದರೆ ಓಟ, ಬಸ್ಕಿ, ಬಗ್ಗುವುದು, ಜಿಗಿಯುವುದು. ಆಮೇಲೆ ಕಂಬವನ್ನು ತೊಡೆಯಲ್ಲಿ ಹಿಡಿಯುವುದು, ಇಳಿಯುವುದು, ಮತ್ತೆ ಹಿಡಿಯುವುದು. ಕಂಬಕ್ಕೆ ಔಡಲೆಣ್ಣೆ ಹಚ್ಚಿರುತ್ತಾರೆ, ಮೈಯಲ್ಲಿ ಬಲವಿಲ್ಲದವನು ಹತ್ತಿದಷ್ಟೇ ಬೇಗ ಜಾರಿ ಕೆಳಗೆ ಬರುತ್ತಾನೆ. ಎಷ್ಟು ಒಳ್ಳೆಯ ಏರ್ಪಾಡು ನೋಡಿ... ಯೋಗ್ಯತೆ ಇಲ್ಲದವನನ್ನು ಕಂಬವೇ ಮೇಲೆ ಬಿಡುವುದಿಲ್ಲ. ಪಿರಮಿಡ್ಡಿನಲ್ಲಿ ಹಾಗಲ್ಲ. ಅಲ್ಲಿ ಬಲವಿಲ್ಲದವನು ಕೆಳಗಿರುತ್ತಾನೆ, ಬೀಳುವವನು ಬೇರೆಯವನು.

ಅಂದಹಾಗೆ, ಮಲ್ಲಕಂಬ ಅಂದರೆ ಮರಾಠಿಗರದ್ದು ಅಂತ ನಮ್ಮವರೇ ತಿಳಿದಿದ್ದಾರೆ. ಪೇಶ್ವೆ ಎರಡನೇ ಬಾಜೀರಾಯನ ಕಾಲದ ಬಾಳಂಭಟ್ಟ ದೇವಧರರು ಅದಕ್ಕೆ ಮರುಜೀವ ಕೊಟ್ಟರು, ಅದು ಸರಿ. ಆದರೆ ಮಲ್ಲರು ಕಂಬದ ಮೇಲೆ ಸಾಧನೆ ಮಾಡುವ ಮಾತು ಅದಕ್ಕಿಂತ ಬಹಳ ಹಿಂದೆ, ಹನ್ನೆರಡನೇ ಶತಮಾನದ 'ಮಾನಸೋಲ್ಲಾಸ'ದಲ್ಲೇ ಬರುತ್ತದೆ. ಅದು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಗ್ರಂಥ. (ಕಲ್ಯಾಣ ಅಂದರೆ ನಮ್ಮ ಡೊಂಬಿವಲಿ ಪಕ್ಕದ ಫಾಸ್ಟ್ ಲೋಕಲ್ ನಿಲ್ಲುವ ಕಲ್ಯಾಣ ಅಲ್ಲ, ಬಸವಕಲ್ಯಾಣ!) ಕನ್ನಡದ ಹಬ್ಬಕ್ಕೆ ಕಸರತ್ತೇ ಬೇಕು ಅಂದರೆ ಇದಕ್ಕಿಂತ ಏನು ಬೇಕು? ಬಾವುಟ ಹಿಡಿಯಲು ನಮ್ಮ ಮಕ್ಕಳ ಬೆನ್ನೇ ಆಗಬೇಕೆ?

ಮಕ್ಕಳು ಭಾರ ಎತ್ತಿದರೆ, ದಂಡ ಹೊಡೆದರೆ ಕುಳ್ಳಾಗುತ್ತಾರೆ ಅಂತ ಇನ್ನೊಂದು ನಂಬಿಕೆ ನಮ್ಮಲ್ಲಿದೆ. ಸಭೆಯಲ್ಲಿ ಒಬ್ಬ ತಾಯಿ ಇದನ್ನೇ ಹೇಳಿದರು, ಪಿರಮಿಡ್ಡಿಗೆ ಮಾತ್ರ ಹೂಂ ಅಂದಿದ್ದರು. ಬಲ್ಲವರ ಕಣ್ಣೆದುರು, ಸರಿಯಾದ ರೀತಿಯಲ್ಲಿ, ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಮಾಡುವ ಬಲದ ವ್ಯಾಯಾಮದಿಂದ ಬೆಳವಣಿಗೆ ನಿಲ್ಲುವುದಿಲ್ಲ ಅಂತ ಮಕ್ಕಳ ವೈದ್ಯರೇ ಹೇಳುತ್ತಾರೆ. ನಮ್ಮೂರ ಗರಡಿಮನೆಯ ವಸ್ತಾದರಿಗೂ ಇದು ಗೊತ್ತಿತ್ತು. ಸಂಗ್ರಾಣಿ ಕಲ್ಲು ಮುಟ್ಟುವ ಮೊದಲು ಎಷ್ಟು ತಿಂಗಳು ಬರೀ ಮಣ್ಣು ಅಗೆಯಲು ಹಚ್ಚುತ್ತಿದ್ದರು!

ದೀಪಾ ಕರ್ಮಾಕರ್ ಹೆಸರು ಕೇಳಿದ್ದೀರಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪ್ರೊಡುನೋವಾ ವಾಲ್ಟ್ ಹಾರಿ, 15.066 ಅಂಕ ಪಡೆದು ನಾಲ್ಕನೆಯವಳಾದಳು. ಕಂಚಿಗೆ ಬರೀ 0.150 ಅಂಕ ಕಡಿಮೆ. ಆ ಒಂದು ಹಾರಿಕೆಯನ್ನು ನೋಡಿ ನಾವು ಕುಣಿದೆವು. ಅವಳು ಅಗರ್ತಲಾದಲ್ಲಿ ಬಿಶ್ವೇಶ್ವರ ನಂದಿಯವರ ಹತ್ತಿರ ಕಲಿಯಲು ಶುರು ಮಾಡಿದ್ದು ಆರನೇ ವಯಸ್ಸಿಗೆ, ರಿಯೋದಲ್ಲಿ ಹಾರಿದಾಗ ಇಪ್ಪತ್ತಮೂರು. ನಡುವಿನ ಹದಿನೇಳು ವರ್ಷ ಯಾವ ಟಿವಿಯೂ ತೋರಿಸಲಿಲ್ಲ. ಇನ್ನೊಂದು ಕಡೆ ಸೋವಿಯತ್ ದೇಶದ ಎಲೆನಾ ಮುಖಿನಾ. 1978ರ ವಿಶ್ವ ಚಾಂಪಿಯನ್. ಕಾಲು ಮುರಿದು ಇನ್ನೂ ಸುಧಾರಿಸಿಕೊಳ್ಳುವ ಮೊದಲೇ ಮಾಸ್ಕೋ ಒಲಿಂಪಿಕ್ಸ್‌ಗೆ ಹೊತ್ತಾಯಿತು ಅಂತ ಕಠಿಣ ಲಾಗ ಹಾಕಿಸಿದರು. 1980ರ ಜುಲೈ, ಉದ್ಘಾಟನೆಗೆ ಸುಮಾರು ಎರಡು ವಾರ ಇತ್ತು. ಕುತ್ತಿಗೆ ಮುರಿಯಿತು. ಇಪ್ಪತ್ತು ವರ್ಷದ ಹುಡುಗಿ, 2006ರಲ್ಲಿ ಸಾಯುವವರೆಗೂ ಏಳಲಾಗಲಿಲ್ಲ. ಅವಳಿಗೆ ಕಲಿಸುವವರಿಗೆ ವಿದ್ಯೆ ಇರಲಿಲ್ಲ ಅನ್ನಲಾದೀತೆ? ಜಗತ್ತಿನಲ್ಲೇ ದೊಡ್ಡ ವಿದ್ಯೆ ಅವರದ್ದು. ತಾರೀಖು ಹತ್ತಿರ ಬಂದಿತ್ತು. ನಮ್ಮ ಹದಿನೈದು ದಿನದ ಡಾನ್ಸ್ ಮಾಸ್ತರರಿಗೂ ತಾರೀಖು ಗೊತ್ತಾಗಿದೆ, ಮಕ್ಕಳ ಬೆನ್ನು ಗೊತ್ತಿಲ್ಲ.

ನಾವು ದೂರದ ಊರಿನಲ್ಲಿರುವವರು. ವರ್ಷಕ್ಕೊಮ್ಮೆ ಮಕ್ಕಳನ್ನು ಸ್ಟೇಜಿಗೆ ಹತ್ತಿಸಿ, ಇವರಿಗೂ ಕನ್ನಡ ಇದೆ ಅಂತ ನಮಗೆ ನಾವೇ ತೋರಿಸಿಕೊಳ್ಳುತ್ತೇವೆ. ಅದರಲ್ಲಿ ತಪ್ಪಿಲ್ಲ, ನಾನೂ ನನ್ನ ಮಗಳಿಗೆ ಇಳಕಲ್ ಸೀರೆ ಸುತ್ತಿಸಿ ಕುಣಿಸಿದವನೇ. ಆದರೆ ಆ ಮಗುವಿಗೆ ಸ್ಟೇಜಿನ ಮೇಲೆ "ನನಗೆ ಆಗಂಗಿಲ್ಲ" ಅನ್ನುವ ಧೈರ್ಯ ಇರುವುದಿಲ್ಲ. ನನಗೆ ಇರಲಿಲ್ಲ. ಅದನ್ನು ಮೊದಲೇ ಕೇಳಿ ತಿಳಿಯುವುದು ಕಲಿಸುವವರ ಕೆಲಸ. ಹಾಗೆ ಕೇಳುತ್ತಾರೋ ಇಲ್ಲವೋ ಅಂತ ನೋಡುವುದು ಅಪ್ಪ-ಅವ್ವನ ಕೆಲಸ. ನಾವು ಫೀಸು ಎಷ್ಟು, ಪ್ರದರ್ಶನ ಯಾವಾಗ, ಸರ್ಟಿಫಿಕೇಟು ಕೊಡುತ್ತಾರಾ ಅಂತ ಮಾತ್ರ ವಿಚಾರಿಸುತ್ತೇವೆ. ನನ್ನ ಮಗ ಬೀಳುವುದು ಹೇಗೆ ಅಂತ ಕಲಿತನಾ ಅಂತ ಕೇಳಿದ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ.

ಬುಧವಾರ ರಾತ್ರಿ ಆ ಹುಡುಗನ ಫೋನ್ ಬಂತು. "ಕಾಕಾ, ನಾಲ್ಕು ಬ್ಯಾಡ. ಎರಡ ಹಂತ ಮಾಡೋಣು. ಕೆಳಗ ಮೂರು, ಮ್ಯಾಲ ಇಬ್ರು. ಈಗರೆ ಒಪ್ಪತೀರಿ?" ಮತ್ತೆ ಲೆಕ್ಕ ಹಾಕಿದೆ. ಅಂಚಿನವರಿಗೆ 15 ಕಿಲೋ, ನಡುವಿನವನಿಗೆ 30. ನಡುವಿನವನು ಯಾರು ಅಂತ ಕೇಳಿದೆ. ಹೆಸರು ಹೇಳಿ, "ಅವ ಸ್ವಲ್ಪ ದಪ್ಪ ಅದಾನ ಕಾಕಾ, ಗಟ್ಟಿ ಇರ್ತಾನ" ಅಂದ.

ಆಗ ಅವನಿಗೆ ನನ್ನ ಗೆಳೆಯನ ಕೈಯ ಕಥೆ ಹೇಳಿದೆ, ಮೊದಲ ಸಲ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ "ಹಂಗಾರ ಏನ್ ಮಾಡೋಣ್ರಿ ಕಾಕಾ?" ಅಂದ. ಮ್ಯಾಟು ನಾನು ಬಾಡಿಗೆಗೆ ತರುತ್ತೇನೆ, ಮೊದಲ ಎರಡು ಭಾನುವಾರ ಯಾರೂ ಯಾರ ಬೆನ್ನೂ ಹತ್ತುವಂತಿಲ್ಲ, ಬರೀ ಮೈ ಗಟ್ಟಿ ಮಾಡುವ ಕಸರತ್ತು, ಮೂರನೇ ಭಾನುವಾರ ಆ ಹುಡುಗನನ್ನು ಒಬ್ಬನೇ ಕೂರಿಸಿ ಕೇಳಿ ಆಮೇಲೆ ತೀರ್ಮಾನ ಅಂದೆ. ಡಾನ್ಸ್ ಮಾಸ್ತರರನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ. ಇನ್ನೂ ಫೋನ್ ಬಂದಿಲ್ಲ.