ಬುರುಜಿಗೆ ಕಾಣದ ಹಗೆ

ಬೀದರದ ಕೋಟೆಯನ್ನು ಕಂಡವರು ಅದರ ಮಹಲುಗಳನ್ನು ಮರೆತರೂ ಮರೆಯಬಹುದು, ಮೂರು ಸಾಲಿನ ಕಂದಕವನ್ನು ಮರೆಯಲಾರರು. ಕೆಂಪು ಜಂಬಿಟ್ಟಿಗೆಯ ಬಂಡೆಯನ್ನು ಆಳವಾಗಿ ಕಡಿದು, ನಡುವೆ ಎರಡು ಗೋಡೆಗಳನ್ನು ಆ ಬಂಡೆಯಲ್ಲಿಯೇ ಉಳಿಸಿಕೊಂಡು, ಮೊದಲನೆಯ ಕಂದಕವನ್ನು ಹೇಗೋ ಹತ್ತಿಳಿದ ವೈರಿಗೆ ಎರಡನೆಯದು, ಅದನ್ನೂ ಗೆದ್ದವನಿಗೆ ಮೂರನೆಯದು ಎದುರಾಗುವಂತೆ ಅದನ್ನು ರಚಿಸಿದವರು, ತಮ್ಮ ಮೇಲೆ ಏರಿ ಬರುವವನು ಯಾರೇ ಆಗಿರಲಿ, ಅವನಿಗೆ ಒಂದು ದೇಹವಿರುವುದು, ಆ ದೇಹಕ್ಕೆ ಭಾರವೂ ಹಸಿವೂ ನೋವೂ ಇರುವುವು ಎಂಬ ಒಂದೇ ನಂಬಿಕೆಯ ಮೇಲೆ ತಮ್ಮ ವಿದ್ಯೆಯನ್ನೆಲ್ಲ ನಿಲ್ಲಿಸಿದ್ದರು. ಬಹಮನಿ ಸುಲ್ತಾನ ಅಹಮದ್ ಷಾ ವಲಿ ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು, 1429ರಿಂದ 1432ರವರೆಗೆ ಈ ಕೋಟೆಯನ್ನು ಕಟ್ಟಿಸಿದನಷ್ಟೆ. ಅಂದಿನಿಂದ ಇಂದಿನವರೆಗೆ ಬೀದರ ಸೈನಿಕರ ಊರಾಗಿಯೇ ಉಳಿದಿದೆ. ಈಗಲೂ ವಾಯುಪಡೆಯ ತರಬೇತಿ ವಿಮಾನಗಳ ಗರ್ಜನೆ ಕೇಳಿದಾಗ ಮೇಲೆ ನೋಡುವ ಗೋಜಿಗೆ ಊರಿನವರು ಹೋಗುವುದಿಲ್ಲ.

ಆದರೆ ಕೋಟೆಗೂ ಆಯುಧಕ್ಕೂ ಬಗ್ಗದ ಹಗೆಯೂ ಉಂಟು. ಅನ್ಯಲೋಕದಿಂದ ಇಳಿದ ಜೀವಿಗಳ ಮುಂದೆ ತೋಪು ತುಪಾಕಿಗಳು ವ್ಯರ್ಥವಾಗಿ ಸೈನ್ಯವೆಲ್ಲ ಕಂಗೆಡುವ ಕಥೆಗಳನ್ನು ಈಗಿನ ಮಕ್ಕಳು ಚಲನಚಿತ್ರಗಳಲ್ಲಿ ನೋಡುತ್ತಾರೆ. ಈ ಬಗೆಯ ಕಥೆಗಳಿಗೆ ಹಿರಿಯಣ್ಣನೆನ್ನಬಹುದಾದ, 1898ರಲ್ಲಿ ಪುಸ್ತಕವಾಗಿ ಬಂದ ಎಚ್. ಜಿ. ವೆಲ್ಸನ ‘ದ ವಾರ್ ಆಫ್ ದ ವರ್ಲ್ಡ್ಸ್’ ಕಾದಂಬರಿಯಲ್ಲಿ, ಮಂಗಳಗ್ರಹದಿಂದ ಬಂದವರನ್ನು ಆಂಗ್ಲರ ಫಿರಂಗಿಗಳು ತಡೆಯಲಾರವು. ಕೊನೆಗೆ ಅವರನ್ನು ಕೊಲ್ಲುವುದು ಭೂಮಿಯ ಮೇಲಿನ ಅತಿ ಸೂಕ್ಷ್ಮವಾದ ರೋಗಾಣುಗಳು. ಆ ರೋಗಾಣುಗಳು ಲೇಖಕನ ಪಕ್ಷವನ್ನು ವಹಿಸಿದುದು ಕಾದಂಬರಿಯ ಸೌಕರ್ಯ. ಚರಿತ್ರೆಯಲ್ಲಿ ಅವು ಸಾಮಾನ್ಯವಾಗಿ ಯಾರ ಪಕ್ಷದಲ್ಲಿಯೂ ಇರಲಿಲ್ಲ. ಆಯುಧಕ್ಕೆ ಬಗ್ಗದ ಹಗೆಯನ್ನು ಸೈನಿಕನು ಎದುರಿಸಿದ ಬಗೆ ಯಾವುದೆಂದು ತಿಳಿಯಲು ನಾವು ಮಂಗಳಗ್ರಹದವರೆಗೆ ಹೋಗಬೇಕಾಗಿಲ್ಲ. ದಖನ್ನಿನ ಚರಿತ್ರೆಯನ್ನು ತೆರೆದರೆ ಸಾಕು.

ಆಯುಧವೆಂಬುದು ಒಡೆಯನಿಗೆ ಎಷ್ಟರಮಟ್ಟಿಗೆ ವಿಧೇಯವೆಂಬುದನ್ನು ಮೊದಲು ನೋಡೋಣ. 1657ರ ಮಾರ್ಚಿನಲ್ಲಿ ಔರಂಗಜೇಬನು, ಆಗಿನ್ನೂ ರಾಜಕುಮಾರ, ಬೀದರವನ್ನು ಮುತ್ತಿದಾಗ ಬಿಜಾಪುರದ ಪರವಾಗಿ ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನನೆಂಬ ವೃದ್ಧ ಕಿಲ್ಲೇದಾರ. ಇಪ್ಪತ್ತೇಳು ದಿನಗಳ ಮುತ್ತಿಗೆಯಲ್ಲಿ ಅವನನ್ನು ಮಣಿಸಿದುದು ಮೊಗಲರ ಶೌರ್ಯವೆನ್ನುವುದಕ್ಕಿಂತ ಅವನದೇ ಮದ್ದು ಎನ್ನಬೇಕು: ಶತ್ರುವಿನ ಅಗ್ನಿಬಾಣದ ಕಿಡಿಯೊಂದು ಬುರುಜಿನ ಹಿಂದೆ ಸಂಗ್ರಹಿಸಿದ್ದ ಮದ್ದಿನ ಮೇಲೆ ಬಿದ್ದು, ಕೋಟೆಯ ರಕ್ಷಣೆಗೆಂದು ಕೂಡಿಟ್ಟಿದ್ದುದೇ ಕೋಟೆಯ ರಕ್ಷಕನನ್ನು ಸುಟ್ಟಿತು. ಮರ್ಜಾನನು ತನ್ನ ಮಕ್ಕಳ ಕೈಯಲ್ಲಿ ಬೀಗದ ಕೈಗಳನ್ನು ಕಳುಹಿಸಿ ಪ್ರಾಣಬಿಟ್ಟನು. ಅದೇ ಊರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಮೊಗಲರ ಕಾಲದಲ್ಲಿ ಸೈನಿಕರ ಬಿಡಾರವಾಗಿ, ವಿದ್ಯಾರ್ಥಿಗಳು ಓದುತ್ತಿದ್ದ ಕಟ್ಟಡದಲ್ಲಿ ಮದ್ದನ್ನು ತುಂಬಿದರು. 1696ರಲ್ಲಿ ಅದು ಸಿಡಿಯಿತು. ಸಿಡಿಲು ಬಡಿದು ಸಿಡಿಯಿತೆಂದು ಹೇಳುತ್ತಾರೆ. ಎರಡು ಮಿನಾರುಗಳಲ್ಲಿ ಒಂದು ಹೋಯಿತು, ಉಳಿದ ಒಂದರ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಗ್ರಂಥಗಳನ್ನು ಇಟ್ಟ ಕಡೆ ಮದ್ದನ್ನು ಇಟ್ಟವರ ವಿವೇಕದ ವಿಷಯವಾಗಿ ನಾನು ಹೆಚ್ಚು ಹೇಳುವುದಿಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಬೆಂಕಿಯ ಮಾತಾಯಿತು. ಕಾಣದ ಬೆಂಕಿ ಹತ್ತಿದುದು 1688ರ ಕೊನೆಯಲ್ಲಿ, ಅದೇ ಔರಂಗಜೇಬನು ಚಕ್ರವರ್ತಿಯಾಗಿ ಬಿಜಾಪುರವನ್ನೂ ಗೋಲ್ಕೊಂಡವನ್ನೂ ನುಂಗಿ ಬಿಜಾಪುರದಲ್ಲಿ ಬೀಡುಬಿಟ್ಟಿದ್ದಾಗ. ಕಂಕುಳಲ್ಲಿಯೋ ತೊಡೆಯ ಸಂದಿಯಲ್ಲಿಯೋ ಗಂಟು ಎದ್ದು ಜ್ವರವೇರುವ ಮಹಾಮಾರಿ ಬಿಡಾರಕ್ಕೆ ನುಗ್ಗಿ, ಚಕ್ರವರ್ತಿಯ ಪತ್ನಿಯರಲ್ಲಿ ಒಬ್ಬಳಾದ ಔರಂಗಾಬಾದಿ ಮಹಲಳನ್ನು ಕೊಂಡೊಯ್ಯಿತು. ಆದವಾನಿಯನ್ನು ಗೆದ್ದ ಸೇನಾನಿ ಫಿರೋಜ್ ಜಂಗನು ಬದುಕಿಕೊಂಡನಾದರೂ ದೃಷ್ಟಿಯನ್ನು ಕಳೆದುಕೊಂಡನು. ಎರಡು ಸುಲ್ತಾನಶಾಹಿಗಳನ್ನು ಎರಡು ವರ್ಷಗಳಲ್ಲಿ ಅಳಿಸಿಹಾಕಿದ ಆ ಅಪಾರ ಸೈನ್ಯ, ಆ ಆನೆ ಒಂಟೆ ಫಿರಂಗಿಗಳ ಪರಿವಾರ, ಒಂದು ಗಂಟಿನ ಮುಂದೆ ಏನು ಮಾಡಲು ಸಾಧ್ಯವಿತ್ತು? ಮಾಡಬಹುದಾದುದು ಒಂದೇ: ಡೇರೆಯನ್ನು ಕಿತ್ತು ಬೇರೆಡೆಗೆ ಹೊರಡುವುದು. ಚಕ್ರವರ್ತಿಯ ಬಿಡಾರ ಹೊರಟಿತು.

ಇದೇ ಉಪಾಯವನ್ನು 1817ರ ನವೆಂಬರಿನಲ್ಲಿ ಬುಂದೇಲಖಂಡದಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವೂ ಹಿಡಿಯಬೇಕಾಯಿತು. ಪಿಂಡಾರಿಗಳನ್ನು ಮಟ್ಟಹಾಕಲು ಹೊರಟ ಅವನ ಸೈನ್ಯಕ್ಕೆ ಸಿಂಧ್ ಹೊಳೆಯ ದಡದಲ್ಲಿ ವಾಂತಿಭೇದಿ ತಗುಲಿ, ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಸತ್ತರು. ತಾನೇ ಸತ್ತರೆ ಗುಟ್ಟಾಗಿ ಡೇರೆಯಲ್ಲಿಯೇ ಹೂಳಬೇಕು, ಶತ್ರುವಿಗೆ ತಿಳಿಯಬಾರದು ಎಂದು ಅವನು ಆಜ್ಞೆ ಮಾಡಿದ್ದನೆಂದು ಹೇಳುತ್ತಾರೆ. ಪಾಪ, ಯಾವ ಶತ್ರುವಿನಿಂದ ಸಾಯಲಿದ್ದನೋ ಆ ಶತ್ರುವಿಗೆ ಅದು ಮೊದಲೇ ತಿಳಿದಿರುವುದಲ್ಲವೆ! ಬೇತ್ವಾ ನದಿಯ ಕಡೆಗೆ ಸರಿದು ಒಣನೆಲದ ಮೇಲೆ ಪಾಳೆಯವಿಳಿದ ಮೇಲೆ ರೋಗ ತಗ್ಗಿತು.

ಹಿಮ್ಮೆಟ್ಟುವುದು ಸೈನಿಕನಿಗೆ ಅಪಮಾನ. ಅವನ ಶಿಕ್ಷಣವೆಲ್ಲ ನಿಂತ ನೆಲವನ್ನು ಬಿಡಬಾರದೆಂಬುದೇ. ನಿರಾಕಾರನಾದ ವೈರಿಯ ಮುಂದೆ ಅವನ ಆಯುಧ ಕೆಲಸಕ್ಕೆ ಬಾರದಿರುವುದು ಅಷ್ಟು ದೊಡ್ಡ ಸಂಕಟವಲ್ಲ. ಅವನ ಸ್ವಭಾವ ಕೆಲಸಕ್ಕೆ ಬಾರದಿರುವುದೇ ಸಂಕಟ. ಆದುದರಿಂದಲೇ, ಇಂತಹ ಸಮಯದಲ್ಲಿ ದಂಡಿನಿಂದ ನಮಗೆ ಉಪಯುಕ್ತವಾದುದೇನಾದರೂ ದೊರೆತಿದ್ದರೆ ಅದು ಕತ್ತಿ ಹಿಡಿದವರಿಂದ ದೊರೆತುದಲ್ಲ ಎಂಬುದನ್ನು ಗಮನಿಸಬೇಕು.

ಇಬ್ಬರನ್ನು ಇಲ್ಲಿ ನೆನೆಯುತ್ತೇನೆ. ಇಬ್ಬರ ಕಥೆಯೂ ಸಿಕಂದರಾಬಾದಿಗೆ, ಎಂದರೆ ಬೀದರ ಸೇರಿದ್ದ ನಿಜಾಮರ ಸೀಮೆಗೆ, ಸಂಬಂಧಪಟ್ಟುದು. ಒಬ್ಬನು ಸುರಿಟಿ ಅಪ್ಪಯ್ಯ, ಪಲ್ಟನಿನಲ್ಲಿ ಡೋಲಿ ಹೊರುವವನು. 1813ರಲ್ಲಿ ಊರಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಅವನ ಪಲ್ಟನು ಉಜ್ಜಯಿನಿಯಲ್ಲಿತ್ತು. ಊರು ಉಳಿದರೆ ನಿನ್ನನ್ನು ಅಲ್ಲಿ ಪ್ರತಿಷ್ಠಿಸುವೆನೆಂದು ಅವನು ಮಹಾಕಾಳಿಗೆ ಹರಕೆ ಹೊತ್ತು, 1815ರಲ್ಲಿ ಮರಳಿ ಮರದ ಮೂರ್ತಿಯನ್ನು ನಿಲ್ಲಿಸಿದನೆಂಬುದು ಉಜ್ಜಯಿನಿ ಮಹಾಂಕಾಳಿ ಗುಡಿಯ ಐತಿಹ್ಯ. ಆಷಾಢದ ಬೋನಾಲು ಹಬ್ಬದಲ್ಲಿ, ಹೈದರಾಬಾದಿಗೆ ದುಡಿಯಲು ಹೋದ ಬೀದರ ಜಿಲ್ಲೆಯ ಔರಾದ ಭಾಲ್ಕಿಗಳ ಜನರೂ ಆ ಗುಡಿಯ ಮುಂದಿನ ನೂಕುನುಗ್ಗಲನ್ನು ಕಂಡಿರುತ್ತಾರೆ. ಹರಕೆಯಿಂದ ರೋಗ ಹೋಯಿತೆಂದು ನಾನು ವಾದಿಸುವವನಲ್ಲ. ಆದರೆ ಪಲ್ಟನಿನಲ್ಲಿ ಬಳಲಿದವರ, ರೋಗಿಗಳ ಭಾರವನ್ನು ಹೆಗಲ ಮೇಲೆ ಅರಿತವನು ಡೋಲಿಯವನೇ. ದೂರದಲ್ಲಿದ್ದ ಊರಿಗಾಗಿ ಬೇಡುವ ಮನಸ್ಸು ಅವನಿಗೆ ಬಂದುದು ನನಗೆ ಸಹಜವಾಗಿ ಕಾಣುತ್ತದೆ.

ಇನ್ನೊಬ್ಬನು ರೊನಾಲ್ಡ್ ರಾಸ್, ಸೈನ್ಯದ ವೈದ್ಯ. 1897ರ ಆಗಸ್ಟಿನಲ್ಲಿ ಬೇಗಂಪೇಟೆಯಲ್ಲಿ, ಸೆಕೆ ಎಷ್ಟಿದ್ದರೂ ಪಂಖಾ ಎಳೆಸುವಂತಿಲ್ಲ, ಎಳೆಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋದೀತು. ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದುವು. ಹುಸೇನ್ ಖಾನನೆಂಬ ರೋಗಿಯ ರಕ್ತವನ್ನು ಕುಡಿಸಿ, ಕುಡಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಕೊಟ್ಟು, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತ, ಆಗಸ್ಟ್ 20ರಂದು ಒಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ದುಂಡು ಕೋಶಗಳನ್ನು ಅವನು ಕಂಡನು. ಮಲೇರಿಯ ಮನುಷ್ಯನಿಂದ ಸೊಳ್ಳೆಗೆ ಹೋಗುವುದೆಂಬುದು ಅಲ್ಲಿ ಸಿದ್ಧವಾಯಿತು. 1902ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಎಷ್ಟೋ ದಂಡುಗಳನ್ನು ಕದನವಿಲ್ಲದೆ ಕೆಡಹಿದ ಚಳಿಜ್ವರದ ಗುಟ್ಟನ್ನು ಸೈನ್ಯದ ಉಡುಪಿನಲ್ಲಿದ್ದವನೊಬ್ಬನು ಬಿಡಿಸಿದುದು ಹೀಗೆ, ಕುಳಿತಲ್ಲಿ ಕುಳಿತು.

ರಾಸ್ ಸೊಳ್ಳೆಗಳನ್ನು ಸೀಳುತ್ತಿದ್ದ ಅದೇ 1897ರಲ್ಲಿ ಪುಣೆಯಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಪ್ಲೇಗನ್ನು ಹತ್ತಿಕ್ಕಲು ರ‍್ಯಾಂಡ್ ಎಂಬ ಅಧಿಕಾರಿ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದನು. ಅಡಿಗೆಮನೆ ದೇವರಮನೆಗಳನ್ನು ಬೂಟುಗಾಲಿನಲ್ಲಿ ಹೊಕ್ಕು ಶೋಧಿಸಿದ ಆ ದಂಡು ಪ್ಲೇಗಿಗಿಂತ ಹೆಚ್ಚು ಭಯವನ್ನು ಹುಟ್ಟಿಸಿತು. ಜೂನ್ 22ರ ರಾತ್ರಿ ಚಾಪೇಕರ ಸೋದರರು ಅವನಿಗೆ ಗುಂಡಿಕ್ಕಿದರು. ಮರುವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿಯೂ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು. ಕಾಣದ ಹಗೆಯನ್ನು ಹೊಡೆಯಲಾರದ ಸಿಪಾಯಿಗೆ ಕಾಣುವ ರೋಗಿಯೇ ಹಗೆಯಾಗಿ ತೋರುವ ಅಪಾಯ ಎಂದಿನಿಂದಲೂ ಉಂಟು.

ನಮ್ಮ ಹಳ್ಳಿಯವನಿಗಾದರೆ ಹಿಮ್ಮೆಟ್ಟುವುದರಲ್ಲಿ ನಾಚಿಕೆಯಿರಲಿಲ್ಲ. ಜಂತೆಯಿಂದ ಇಲಿಯೊಂದು ತಾನಾಗಿ ಸತ್ತು ಬಿದ್ದರೆ ಅವನು ವೈದ್ಯನಿಗಾಗಿ ಕಾಯುತ್ತಿರಲಿಲ್ಲ. ಹಗೇವಿನ ಜೋಳವನ್ನು ಹಗೇವಿನಲ್ಲಿಯೇ ಬಿಟ್ಟು, ಬಾಗಿಲಿಗೆ ಕೀಲಿ ಜಡಿದು, ಎತ್ತು ಎಮ್ಮೆ ಮಕ್ಕಳೊಂದಿಗೆ ಹೊಲಕ್ಕೆ ಹೋಗಿ, ತೊಗರಿಕಟ್ಟಿಗೆಯ ತಡಿಕೆಗೆ ಜೋಳದ ಕಣಿಕೆಯನ್ನು ಹೊದಿಸಿ, ರೋಗ ಹೋಯಿತೆಂಬ ಧೈರ್ಯ ಬರುವವರೆಗೆ ಅಲ್ಲಿಯೇ ಇರುತ್ತಿದ್ದನು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗಿನ ವಾಹನವೆಂಬುದನ್ನು ಸಿಮೊಂಡನೆಂಬ ಫ್ರೆಂಚ್ ವೈದ್ಯ 1898ರಲ್ಲಿ ತೋರಿಸಿದನು. ಇಲಿಯನ್ನು ಬಿಟ್ಟು ದೂರ ಹೋಗಬೇಕೆಂಬುದು ರೈತನಿಗೆ ಆ ಮೊದಲೇ ಗೊತ್ತಿತ್ತು. ಊರನ್ನು ತೆರವು ಮಾಡುವುದೇ ಲೇಸೆಂದು ಸರಕಾರದ ವೈದ್ಯರೂ ಕ್ರಮೇಣ ಒಪ್ಪಿದರು. ಇದನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು: ಹೊಲಕ್ಕೆ ಹೋಗಲು ಹೊಲವಿರಬೇಕು. ಭೂಮಿಯಿಲ್ಲದವನು ಯಾರದೋ ಬದುವಿನ ಮೇಲೆ, ಅವರು ಒಪ್ಪಿದರೆ, ಗುಡಿಸಲು ಹಾಕಬೇಕಾಗಿತ್ತು.

2020ರಲ್ಲಿ ಕೊರೋನಾ ಬಂದಾಗ ಈ ಕ್ರಮವೆಲ್ಲ ತಲೆಕೆಳಗಾಯಿತು. ರೋಗ ಇದ್ದುದು ಪಟ್ಟಣಗಳಲ್ಲಿ, ಬಿಟ್ಟು ಬರಬೇಕಾದುದು ಮುಂಬಯಿ ಪುಣೆ ಹೈದರಾಬಾದುಗಳನ್ನು, ಸೇರಬೇಕಾದುದು ಊರನ್ನೇ. ಆ ವಸಂತದಲ್ಲಿ ಬೀದರದ ಹಳೆಯ ನಗರದ ಓಣಿಗಳಿಗೆ ಪೊಲೀಸರು ತಡೆಗಂಬಗಳನ್ನು ಹಾಕಿ ಲಾಠಿ ಹಿಡಿದು ನಿಂತರು. ಕರ್ನಾಟಕದ ಎಷ್ಟೋ ಹಳ್ಳಿಗಳ ಜನ ದಾರಿಗೆ ಜಾಲಿಮುಳ್ಳನ್ನು ಎಳೆದರು. ಗಡಿಯ ತಾಲೂಕುಗಳಾದ ಔರಾದ ಭಾಲ್ಕಿಗಳಿಗೆ ಮಹಾರಾಷ್ಟ್ರದಿಂದಲೂ ತೆಲಂಗಾಣದಿಂದಲೂ ಮರಳಿದ ಕೂಲಿಯವರಲ್ಲಿ, ಹಿಂದೆ ಪ್ಲೇಗಿಗೆ ಹೆದರಿ ಹೊಲಕ್ಕೆ ಹೋದವರ ಮರಿಮಕ್ಕಳೂ ಇದ್ದಿರಬೇಕು. ಅವರಿಗೆ ಸರಕಾರ ಗೊತ್ತುಮಾಡಿದುದು ಶಾಲೆಯ ಕೋಣೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ. ಊಟ ಮನೆಯಿಂದ ಬರುತ್ತಿದ್ದ ಕಡೆ ಬುತ್ತಿಯನ್ನು ಗೇಟಿನ ಬಳಿ ಇಟ್ಟು ದೂರ ಸರಿಯಬೇಕು, ಒಳಗಿನವರು ಆಮೇಲೆ ಬಂದು ಒಯ್ಯಬೇಕು. ಕಾವಲಿಗೆ ನಿಂತ ಪೇದೆ ತಾನೂ ಮುಖಕ್ಕೆ ಅರಿವೆ ಕಟ್ಟಿಕೊಂಡು, ಬಂದವರ ಹೆಸರು ಊರು ತಾರೀಖುಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದನು. ಅವನ ಲಾಠಿಗಿಂತ ಆ ವಹಿಯೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.