ಹೆದರಿಸಿದವನಿಗೆ ಕಾಯಿಲೆ ಇಲ್ಲವೇ?



ಊಟ ಬಿಟ್ಟು, ಕ್ಲಾಸು ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗೋ ಹುಡುಗ ನಮ್ಮ ಯಾವ ಹಾಸ್ಟೆಲ್ಲಿನಲ್ಲಿ ಇಲ್ಲ? ವಾರ್ಡನ್ನಿಗೆ ಅವನು ಸೋಮಾರಿ. ಮೇಷ್ಟ್ರಿಗೆ ದಡ್ಡ. ಈಗ ಇನ್ನೊಂದು ಹೆಸರು ಬಂದಿದೆ, ಖಿನ್ನತೆ. ಹೆಸರು ಸುಳ್ಳಲ್ಲ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ, ಮಾತ್ರೆ ನುಂಗೋದಕ್ಕೆ ನಾಚಿಕೆ ಬೇಡ. ದೆವ್ವ ಅಂತ ಗುಡಿ ಸುತ್ತಿಸೋರನ್ನು ನಾವು ಒಪ್ಪೋದಿಲ್ಲ. ಆದರೆ ಪಕ್ಕ ಕೂರಬೇಡ ಅಂದವನು ಆರೋಗ್ಯವಂತ, ಅನ್ನಿಸಿಕೊಂಡವನು ರೋಗಿ ಅನ್ನೋದು ಯಾವ ವೈದ್ಯಶಾಸ್ತ್ರ?

1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿದರು. ಬೆಂಗಳೂರಿನ ದೊಡ್ಡಾಸ್ಪತ್ರೆ ತನಕ ಬರಲಾಗದ ಬಡವರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಚಿಕಿತ್ಸೆ. ಒಳ್ಳೇ ಕೆಲಸ. 1996ರಿಂದ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. 2022ರಲ್ಲಿ ಶುರುವಾದ ಟೆಲಿ ಮನಸ್‌ಗೆ, 14416ಕ್ಕೆ, ಫೋನು ಮಾಡಿದರೆ ಕನ್ನಡದಲ್ಲೇ ಪುಕ್ಕಟೆ ಮಾತಾಡಬಹುದು. ನಂಬರನ್ನು ರೂಮಿನ ಗೋಡೆಗೆ ಬರೀರಿ. ವಾರ್ಡನ್ ಬೈದರೆ ಬೈಯಲಿ.

ಇದೇ ಸರ್ಕಾರದ ಇನ್ನೊಂದು ಕಡತ ಬೇರೆ ಬೀರುವಿನಲ್ಲಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು. ಮೂರನೇ ನಿಯಮ ಓದಿ: ದೌರ್ಜನ್ಯ ನಡೆಯಬಹುದಾದ ಜಾಗ ಮೊದಲೇ ಗುರುತಿಸಬೇಕು, ಡಿಸಿ, ಎಸ್ಪಿ ಅಲ್ಲಿಗೆ ಹೋಗಿ ನೋಡಬೇಕು, ಬೇಕಾದರೆ ಮೇಲ್ಜಾತಿಯವರ ಬಂದೂಕಿನ ಲೈಸೆನ್ಸು ಕಿತ್ತುಕೊಳ್ಳಬೇಕು. ಎಲ್ಲಾ ಮೊದಲೇ! ಈ ನಿಯಮ ಬಂದು ಐದು ವರ್ಷಕ್ಕೆ, 2000ದ ಮಾರ್ಚಿನಲ್ಲಿ, ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಹೆದರಿ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆ. ಆ ಹೆದರಿಕೆಗೆ ಯಾವ ಡಾಕ್ಟರು ಚೀಟಿ ಬರೆದಾನು?

ನಮ್ಮಲ್ಲಿ ಸಮಾಜಕಾರ್ಯ, ಮನಃಶಾಸ್ತ್ರ ಓದುತ್ತಿರೋರು ನಾಳೆ ಇದೇ ಕಾರ್ಯಕ್ರಮಗಳಲ್ಲಿ ಕೌನ್ಸೆಲರ್ ಆಗ್ತೀರಿ, ಬಹುಶಃ ಗುತ್ತಿಗೆ ಮೇಲೆ. ಹೋಗಿ. ನಮ್ಮ ಹುಡುಗನ ಎದುರು ನಮ್ಮವರೇ ಕೂತಿದ್ದರೆ ಅರ್ಧ ಮಾತು ಹೇಳದೇ ತಿಳಿಯುತ್ತೆ. ಆದರೆ 'ಹೊಂದಿಕೊಂಡು ಹೋಗಪ್ಪ' ಅನ್ನೋ ಪಾಠ ಹೇಳೋಕೆ ಹೋಗಬೇಡಿ. ಅದನ್ನು ಗೌಡರು ಸಾವಿರ ವರ್ಷದಿಂದ ಸಂಬಳ ಇಲ್ಲದೇ ಹೇಳ್ತಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮೂರನೇ ಕಲಮನ್ನು ಬಾಯಿಪಾಠ ಮಾಡಿ. ಸಮಾಜದಲ್ಲಿರೋ ರೀತಿನೀತಿಗೆ ಬಗ್ಗಲಿಲ್ಲ ಅಂತ ಯಾರಿಗೂ ಹುಚ್ಚಿನ ಪಟ್ಟ ಕಟ್ಟುವಂತಿಲ್ಲ ಅನ್ನುತ್ತೆ ಅದು. ಅವನು ಹೇಳಿದ್ದನ್ನು ಹೇಳಿದಂತೆ ಕೇಸ್ ಪೇಪರಿನಲ್ಲಿ ಬರೀರಿ, ಅವನು ಒಪ್ಪದೆ ಒಂದಕ್ಷರವೂ ಹೊರಗೆ ಹೋಗಬಾರದು. ದೂರು ಕೊಡ್ತೀನಿ ಅಂದರೆ ದೌರ್ಜನ್ಯದ ಸಹಾಯವಾಣಿ 14566.

ಈಗ ಓದುತ್ತಿರೋರಿಗೂ ಕೆಲಸ ಇದೆ. ಹದಿನೇಳನೇ ನಿಯಮದ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಜಿಲ್ಲೆಯಲ್ಲಿ ಹೋದ ವರ್ಷ ಎಷ್ಟು ಸಲ ಸೇರಿತು, ಯಾವ ಊರುಗಳನ್ನು ಗುರುತಿಸಿತು? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಇದೇ ಪುಟದಲ್ಲಿ ಅಚ್ಚು ಹಾಕ್ತೀವಿ.