ವಳ್ಳೂರಿಗೆ ಹೊರಟ ಪೈಥಾನ್ ಪುಸ್ತಕ

ಪಾವಗಡದ ಸೋಲಾರ್ ಪಾರ್ಕ್ ಹೆಸರು ಕೇಳದವರು ಕಡಿಮೆ. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದೂರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಕರೆಂಟು ಹುಟ್ಟುತ್ತೆ. ಆದ್ರೆ ವಳ್ಳೂರಿನ ನಮ್ಮ ಅಕ್ಕನ ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ ಬಂದರೆ ಅದೇ ಹೆಚ್ಚು. ಅಕ್ಕನ ಮಗ ಡಿಪ್ಲೊಮಾ ಓದ್ತಿದ್ದಾನೆ, ಪೈಥಾನ್ ಕಲಿಯೋ ಹಠ. ಕಂಪ್ಯೂಟರ್ ಇರೋದು ಕಾಲೇಜ್ ಲ್ಯಾಬಲ್ಲಿ, ಮನೇಲಿ ಬರೀ ಫೋನು. "ಮಾಮ, ಪೇಜು ಅರ್ಧ ಲೋಡ್ ಆಗಿ ನಿಂತೇ ಬಿಡುತ್ತೆ. ಫೋನಿಗೇ ಹಾಕ್ಕೊಂಡು ಓದೋ ಥರ ಏನಾದ್ರೂ ಮಾಡ್ಕೊಡು" ಅಂದ.

ಪಿಡಿಎಫ್ ಕಳಿಸಿದ್ರೆ ಆಗ್ತಿತ್ತಲ್ಲ ಅಂತ ನೀವು ಕೇಳಬಹುದು. ಪಿಡಿಎಫ್ ಅಂದ್ರೆ ಅಚ್ಚಾದ ಹಾಳೆ ಇದ್ದ ಹಾಗೆ, ಅಗಲ ಬದಲಾಗಲ್ಲ. ಆರಿಂಚಿನ ಫೋನಲ್ಲಿ ಪ್ರತಿ ಸಾಲನ್ನೂ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದ್ಬೇಕು. ಎರಡನೇ ಪುಟಕ್ಕೇ ಸಾಕು ಸಾಕಾಗುತ್ತೆ. ಇಪಬ್ ಹಾಗಲ್ಲ. ಅದು ನಿಜದಲ್ಲಿ ಒಂದು ಜಿಪ್ ಫೈಲು. ಒಳಗೆ ವೆಬ್ ಪುಟಗಳು, ಚಿತ್ರಗಳು, ಒಂದು ಪರಿವಿಡಿ ಇರುತ್ತವೆ. ಪರದೆ ಎಷ್ಟಿದೆಯೋ ಅಷ್ಟಕ್ಕೆ ಪಠ್ಯ ಹೊಂದಿಕೊಳ್ಳುತ್ತೆ. ಅಕ್ಷರ ದೊಡ್ಡದು ಮಾಡಿದ್ರೂ ಸಾಲು ಆಚೆ ಓಡಲ್ಲ.

ಪೈಥಾನ್‌ನವರು ತಮ್ಮ ಡಾಕ್ಯುಮೆಂಟೇಶನ್ನನ್ನ ಇಪಬ್ ಆಗಿ ಪುಕ್ಕಟೆ ಕೊಡ್ತಾರೆ. ಆದ್ರೆ ಅದರಲ್ಲಿ ಲೈಬ್ರರಿ, ಭಾಷೆಯ ನಿಯಮ, ಸಿ ಭಾಷೆಯ ಜೋಡಣೆ, ಎಲ್ಲಾ ಒಟ್ಟಿಗೆ. ಹೊಸಬನೊಬ್ಬ 'ಲಿಸ್ಟ್' ಅಂತ ಹುಡುಕಿದ್ರೆ ಉತ್ತರಗಳ ರಾಶಿಯಲ್ಲಿ ಮುಳುಗಿ ಹೋಗ್ತಾನೆ. ಅವನಿಗೆ ಬೇಕಿದ್ದದ್ದು ಟ್ಯುಟೋರಿಯಲ್‌ನ 16 ಅಧ್ಯಾಯ ಮಾತ್ರ. ಮೂಲ ಇರೋದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನೋ ಸರಳ ಪಠ್ಯದಲ್ಲಿ. ಅದನ್ನ ಪುಸ್ತಕ ಮಾಡೋ ಸ್ಫಿಂಕ್ಸ್ ತಂತ್ರಾಂಶ 2008ರಲ್ಲಿ ಗೆಯೋರ್ಗ್ ಬ್ರಾಂಡ್ಲ್ ಈ ಡಾಕ್ಯುಮೆಂಟೇಶನ್‌ಗಾಗಿಯೇ ಬಿಡುಗಡೆ ಮಾಡಿದ್ದು. ಹಕ್ಕುಸ್ವಾಮ್ಯದ ಸೂಚನೆ ಹಾಗೇ ಉಳಿಸಿಕೊಂಡರೆ ಮರುಹಂಚಿಕೆಗೆ ಪರವಾನಗಿಯೂ ಇದೆ. ಆ ಒಂದು ಫೋಲ್ಡರ್ ಮಾತ್ರ ತಗೊಂಡು ಕಮಾಂಡ್ ಕೊಟ್ಟೆ. ಟೀ ಆರೋ ಮುಂಚೆ ಇಪಬ್ ರೆಡಿ.

ಅಸಲಿ ಕೆಲಸ ಶುರುವಾಗಿದ್ದು ಆಮೇಲೆ. ಪೈಥಾನ್ ಬರವಣಿಗೆಯ ಶೈಲಿ ನಿಯಮದ ಪ್ರಕಾರ ಕೋಡಿನ ಒಂದು ಸಾಲು 79 ಅಕ್ಷರದವರೆಗೂ ಹೋಗಬಹುದು. ಫೋನನ್ನ ನೆಟ್ಟಗೆ ಹಿಡಿದರೆ ಸುಮಾರು 40 ಹಿಡಿಯುತ್ತೆ. ಉಳಿದಿದ್ದನ್ನ ಕೆಲವು ರೀಡರ್ ಆ್ಯಪ್‌ಗಳು ಸುಮ್ನೆ ಕತ್ತರಿಸಿ ಹಾಕ್ತವೆ. ಕೆಲವು ಮಡಚಿ ಕೆಳಗೆ, ಎಡ ಅಂಚಿನಿಂದ ಶುರು ಮಾಡ್ತವೆ. ಕತೆ ಪುಸ್ತಕದಲ್ಲಿ ಇದು ತೊಂದರೆಯೇ ಅಲ್ಲ. ಪೈಥಾನಲ್ಲಿ ಮಾತ್ರ ಸಾಲಿನ ಮುಂದಿರೋ ಖಾಲಿ ಜಾಗಕ್ಕೆ ಅರ್ಥ ಇದೆ. ಲೂಪ್ ಒಳಗಿರೋ ಸಾಲು ಯಾವುದು, ಹೊರಗಿರೋದು ಯಾವುದು ಅಂತ ಹೇಳೋದೇ ಆ ಜಾಗ. ಮಡಚಿದ ತುಂಡನ್ನ ಹೊಸ ಸಾಲು ಅಂದ್ಕೊಂಡು ಓದಿದ ಹುಡುಗ, ಭಾಷೆಯ ಮೊದಲ ಪಾಠವನ್ನೇ ತಪ್ಪಾಗಿ ಕಲೀತಾನೆ. ಅದಕ್ಕೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಕೋಡಿನ ಪ್ರತಿ ಸಾಲನ್ನೂ ಬೇರೆ ಬೇರೆ ತುಣುಕು ಮಾಡಿದೆ. ಮಡಚಿದ ಭಾಗ ಮಾತ್ರ ಚೆನ್ನಾಗಿ ಒಳಗೆ ಸರಿದು ನಿಲ್ಲೋ ಹಾಗೆ ಸಿಎಸ್ಎಸ್ ಹಾಕಿದೆ. ಈಗ ಒಂದು ಸಾಲು ಎರಡಾದ್ರೂ ಕಣ್ಣಿಗೆ ಒಂದೇ ಅಂತ ಗೊತ್ತಾಗುತ್ತೆ.

ಇನ್ನೊಂದು ಕಾಟ >>> ಗುರುತು. ಉದಾಹರಣೆಗಳಲ್ಲಿ ಟೈಪ್ ಮಾಡೋ ಸಾಲಿನ ಮುಂದೆಲ್ಲಾ ಇದು ಇರುತ್ತೆ. ಅವನು ಪುಸ್ತಕದಿಂದ ಕಾಪಿ ಮಾಡಿ ಫೋನಿನ ಪೈಡ್ರಾಯ್ಡ್ ಆ್ಯಪಿಗೆ ಹಾಕಿದ ಕೂಡಲೇ ಎರರ್. ಅದೇ ಸ್ಕ್ರಿಪ್ಟಲ್ಲಿ ಆ ಗುರುತನ್ನ ತೆಗೆದು, ಉತ್ತರದ ಸಾಲುಗಳನ್ನ ಕಾಮೆಂಟ್ ಮಾಡಿಬಿಟ್ಟೆ.

ಈ ಪಾಡು ಹೊಸದೇನಲ್ಲ. ಬೆಂಗಳೂರಿನ ಪಿಇಎಸ್ಐಟಿಯಲ್ಲಿ ಓದಿದ ಸ್ವರೂಪ್ ಸಿ.ಎಚ್. ಬರೆದ 'ಎ ಬೈಟ್ ಆಫ್ ಪೈಥಾನ್' ನಿಮಗೂ ಗೊತ್ತಿರಬಹುದು. ಪುಕ್ಕಟೆ ಪುಸ್ತಕ, ಎಷ್ಟೋ ಭಾಷೆಗೆ ಹೋಗಿದೆ. ಅದು ಕೆವರ್ಡಲ್ಲಿ ಶುರುವಾಗಿ ಡಾಕ್‌ಬುಕ್, ಓಪನ್‌ಆಫೀಸ್, ಮತ್ತೆ ಡಾಕ್‌ಬುಕ್, ಮೀಡಿಯಾವಿಕಿ, ಪ್ಯಾಂಡಾಕ್, ಆಸ್ಕಿಡಾಕ್ ಅಂತ ಸುತ್ತಿ, 2016ರಲ್ಲಿ ಗಿಟ್‌ಬುಕ್ ಮನೆ ಸೇರಿತು. ನಡುವೆ ಕೋಡಿಗೆ ಬಣ್ಣ ಹಚ್ಚೋಕೆ ಅವರೇ ಒಂದು ಪೈಥಾನ್ ಪ್ರೋಗ್ರಾಮ್ ಬರ್ಕೊಂಡಿದ್ರಂತೆ. ನನ್ನ ಕೇಳಿದ್ರೆ, ಮೂಲವನ್ನ ಸರಳ ಪಠ್ಯದಲ್ಲೇ ಇಟ್ಕೊಳ್ಳಿ. ವರ್ಡ್ ಫೈಲಿಂದ ಇಪಬ್ ಮಾಡೋ ಸಾಹಸ ಶತ್ರುವಿಗೂ ಬೇಡ.

ಕೊನೆಗೆ ಪ್ರತಿ ಅಧ್ಯಾಯದ ಹಿಂದೆ ಅರ್ಧ ಪುಟ ಕನ್ನಡ ಟಿಪ್ಪಣಿ ಸೇರಿಸಿದೆ. ಹಳೆಯ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದ ಕೆಲವು ಟಿಪ್ಪಣಿಗಳಿದ್ದವು. ಅವನ್ನ ನೇರ ಹಾಕಿದ್ರೆ ಇಪಬ್ಬಲ್ಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗುತ್ತೆ, ಮೊದಲು ಯೂನಿಕೋಡ್‌ಗೆ ತಿರುಗಿಸಲೇಬೇಕು. ಅರ್ಕಾವತ್ತುಗಳನ್ನ ಕಣ್ಣಲ್ಲೇ ನೋಡಿ ಸರಿ ಮಾಡಿದೆ.

ಉದಾಹರಣೆ ಊರಿನದೇ ಇರಲಿ ಅನ್ನಿಸ್ತು. ಪಾರ್ಕಿಗೆ ಜಮೀನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು:

ಎಕರೆ = 4
ದರ = 21000
ಬಾಡಿಗೆ = ಎಕರೆ * ದರ

ಇದು ಓಡುತ್ತೆ, 84,000 ಬರುತ್ತೆ. ಲೂಪ್ ಪಾಠಕ್ಕೆ ಆ 5 ಪರ್ಸೆಂಟ್ ಏರಿಕೆ ಹೇಳಿ ಮಾಡಿಸಿದಂತಿದೆ. ಒಂದೇ ಎಚ್ಚರ. 'ಪಾರ್ಕ್‌ಬಾಡಿಗೆ' ಅಂತ ಹೆಸರಿಟ್ಟರೆ ಪೈಥಾನ್ ಒಪ್ಪಲ್ಲ. 'ಕ್' ಆದ ಮೇಲೆ 'ಬಾ' ಒತ್ತಾಗದ ಹಾಗೆ ನಮ್ಮ ಕೀಬೋರ್ಡುಗಳು ಅಲ್ಲೊಂದು ಕಾಣದ ಅಕ್ಷರ ಸೇರಿಸ್ತವೆ, ಅದನ್ನ ಹೆಸರಿನೊಳಗೆ ಬಿಟ್ಟುಕೊಳ್ಳಲ್ಲ. ಕಾಮೆಂಟಲ್ಲಿ, ಉದ್ಧರಣ ಚಿಹ್ನೆಯೊಳಗೆ ಇದ್ರೆ ಪರವಾಗಿಲ್ಲ. ಹೆಸರಲ್ಲಿ ಮಾತ್ರ ಪಾರ್ಕ್_ಬಾಡಿಗೆ ಅಂತ ನಡುವೆ ಅಂಡರ್‌ಸ್ಕೋರ್ ಹಾಕಿ.